ಅವ್ವನ ಕಾಡಿಗೆ, ನಾನು ಹಚ್ಚಿದ ಬಣ್ಣ

ಕಲಬುರಗಿಯ ಚರ್ಮದ ಡಾಕ್ಟರಮ್ಮ ನನ್ನ ಅಕ್ಕನ ತಲೆಯ ಮೇಲೆ ಸಣ್ಣ ಬ್ಯಾಟರಿ ಹಿಡಿದು, "ಇಲ್ಲಿ ಏನು ಹಚ್ಚೀರಿ?" ಎಂದು ಕೇಳಿದರು. ನನಗೆ ಗೊತ್ತಿತ್ತು. ಹಚ್ಚಿದವನು ನಾನೇ. ಆದರೂ ಹೇಳಲಿಲ್ಲ. "ಕಾಡಿಗಿ ರೀ, ಮನ್ಯಾಗ ಮಾಡಿದ್ದು" ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. "ಬಣ್ಣ ಗಿಣ್ಣ ಏನರೆ?" ಎಂದು ಮತ್ತೆ ಕೇಳಿದರು. "ಇಲ್ರಿ" ಎಂದೆ. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಅವಳ ಕಣ್ಣು ಬಾತು ಮುಚ್ಚಿಕೊಂಡಿದ್ದವು. ಅವಳು ನನ್ನ ಕಡೆ ಮುಖ ತಿರುಗಿಸಿದಳು.

ಯಾಕೆ ಹಾಗೆ ಹೇಳಿದೆ? ಹೆದರಿಕೆ ಎಂದು ಒಂದು ದಿನ ಅನಿಸುತ್ತದೆ. ಮರುದಿನ ಅದು ಬರೀ ಸೊಕ್ಕು ಅನಿಸುತ್ತದೆ. ಈ ಬರಹದಲ್ಲಿ ಅದನ್ನು ಬಿಡಿಸಿ ಹೇಳುತ್ತೇನೆ ಎಂದುಕೊಂಡು ಕೂತಿದ್ದೇನೆ, ಆಗುತ್ತದೋ ಇಲ್ಲವೋ ತಿಳಿಯದು. ನಾನು ಓದಿದ್ದು ಏಳನೆಯ ಇಯತ್ತೆ. ಅಫಜಲಪುರದಲ್ಲಿ ಒಂದು ಕಟಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬರೆಯುವ ಮೊದಲು ಅಕ್ಕನನ್ನು ಕೇಳಿದೆ. "ಬರಿ. ನನ್ನಂಥಾವರು ಯಾರರೆ ಓದಲಿ. ಆದ್ರ ನನ್ನ ಹೆಸರು ಹಾಕಬ್ಯಾಡ" ಎಂದಳು. ಅದಕ್ಕೇ ಇಲ್ಲಿ ಅವಳು ಬರೀ ಅಕ್ಕ.

ನಮ್ಮೂರು ಗೊಬ್ಬೂರ. ಅಪ್ಪ ಕ್ಷೌರದ ಪೆಟ್ಟಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದ. ಚಿಕ್ಕವಳಿದ್ದಾಗ ಅಕ್ಕ ಅವನ ಜೊತೆ ಹೋಗಿ ಗಿರಾಕಿಯ ಮುಂದೆ ಕನ್ನಡಿ ಹಿಡಿದು ನಿಲ್ಲುತ್ತಿದ್ದಳು. ಆದರೆ ಅಪ್ಪನ ಕತ್ತರಿ ಒಂದು ದಿನವೂ ಅವಳ ಕೂದಲಿಗೆ ತಾಗಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳ ತಲೆಗೆ ಅಂಗಡಿಯ ಹತಾರ ಮುಟ್ಟಿಸಬಾರದು ಎಂಬುದು ಅವನ ನೇಮ. ಅಕ್ಕನ ಜಡೆ ಸೊಂಟ ದಾಟಿತ್ತು. ಅವಳನ್ನು ಜೇವರ್ಗಿ ತಾಲೂಕಿನ ನೆಲೋಗಿಗೆ ಕೊಟ್ಟಾಗ ಬೀಗರ ಹೆಂಗಸರು ಮೊದಲು ಮಾತಾಡಿದ್ದೇ ಆ ಜಡೆಯ ಬಗ್ಗೆ. "ಊರ ಮಂದೀ ಕೂದಲೆಲ್ಲಾ ಕತ್ತರಿಸಿ ತಂದು ಮಗಳಿಗೇ ಹಚ್ಚ್ಯಾನ ನೋಡ್ರೆವ್ವ ಇವರಪ್ಪ" ಎಂದು ನಗಾಡಿದ್ದರು.

ಎರಡು ವರ್ಷದ ಕೆಳಗೆ, ಅಕ್ಕನಿಗೆ ನಲವತ್ತೊಂದು ನಡೆಯುತ್ತಿದ್ದಾಗ, ಕಿವಿಯ ಹಿಂದೆ ರೂಪಾಯಿ ಅಗಲದಷ್ಟು ಜಾಗ ಬರಿದಾಯಿತು. ನೋವಿಲ್ಲ, ತುರಿಕೆಯಿಲ್ಲ, ಅಂಗೈಯ ಹಾಗೆ ನುಣ್ಣಗೆ. ಅವಳು ಗಂಡನಿಗೂ ಹೇಳದೆ ಬಸ್ಸು ಹತ್ತಿ ನನ್ನ ಹತ್ತಿರ ಬಂದಳು. "ನೀ ತಲಿ ನೋಡೋ ಮನಿಷ್ಯಾ. ನೋಡು, ಏನಿದು" ಎಂದಳು.

ಇಂಥದ್ದನ್ನು ನಾನು ಗಂಡಸರ ಗಡ್ಡದಲ್ಲಿ ಕಂಡಿದ್ದೆ. ದೊಡ್ಡ ತಿಳಿದವನ ಹಾಗೆ, "ಏ ಇದೇನಿಲ್ಲಕ್ಕ, ಹುಳ ತಿಂದಾವ. ಉಳ್ಳಾಗಡ್ಡಿ ತಿಕ್ಕು" ಎಂದೆ. ಒಂದು ಹೊಸ ಪತ್ತಿ, ಅಂದರೆ ಬ್ಲೇಡು, ಕೊಟ್ಟು, ಮೆಲ್ಲಗೆ ಕೆರೆದು ಆಮೇಲೆ ತಿಕ್ಕಬೇಕು ಎಂದೂ ಹೇಳಿದೆ. ಮೂರು ತಿಂಗಳು ಈರುಳ್ಳಿ ತಿಕ್ಕಿದಳು. ಒಂದು ಜಾಗ ನಾಲ್ಕಾಯಿತು, ನಾಲ್ಕು ಕೂಡಿ ನಡುನೆತ್ತಿಯ ಬಯಲಾಯಿತು. ಜಡೆ ಇಲಿಬಾಲದಷ್ಟಾಯಿತು. ಅವಳು ಸೆರಗು ಹೊದ್ದು ಎರಡೂ ಕಡೆ ಪಿನ್ನು ಹಾಕಿಕೊಳ್ಳತೊಡಗಿದಳು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನನ್ನ ಜೊತೆಗಿರುವ ಅವ್ವ ದೃಷ್ಟಿ ಎಂದಳು. ಭಾವ, ಅಂದರೆ ಅಕ್ಕನ ಗಂಡ, ಬೋರಿನ ನೀರು ಎಂದ. ಬೋರಿನ ನೀರಾದರೆ ಅದೇ ನೀರು ಹಾಕಿಕೊಳ್ಳುವ ಅವನ ಮೀಸೆ ಯಾಕೆ ಹಾಗೇ ಇದೆ ಎಂದು ಅಕ್ಕ ಕೇಳಿದಳಂತೆ. ಆಗಿನ್ನೂ ಅವಳು ಚೇಷ್ಟೆ ಬಿಟ್ಟಿರಲಿಲ್ಲ.

ಕಡೆಗೆ ಕಲಬುರಗಿಗೆ ಕರೆದುಕೊಂಡು ಹೋದೆ. ಮೊದಲ ದಿನ ನಂಬರು ಬರುವುದಕ್ಕೆ ಬಹಳ ಹೊತ್ತಾಯಿತು. ಅಲ್ಲಿ ಕೂತವರಲ್ಲಿ ಅರ್ಧ ಜನ ಏನನ್ನೋ ಮುಚ್ಚಿಕೊಂಡಿದ್ದರು. ಒಬ್ಬ ಕೈಗೆ ಟವೆಲ್ಲು ಸುತ್ತಿದ್ದ. ಒಬ್ಬ ಕಾಲೇಜು ಹುಡುಗಿ ಟೊಪ್ಪಿಗೆಯನ್ನು ಹುಬ್ಬಿನ ತನಕ ಎಳೆದುಕೊಂಡಿದ್ದಳು. ಅಕ್ಕ ಗೋಡೆಯ ಕಡೆ ತಿರುಗಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಬುರ್ಖಾದ ಒಬ್ಬ ಹೆಂಗಸು ಪಕ್ಕಕ್ಕೆ ಸರಿದು, "ತಲಿದಾ?" ಎಂದು ಮೆಲ್ಲಗೆ ಕೇಳಿದಳು. ಅಕ್ಕ ಹೂಂ ಎಂದಳು. ಆಕೆ ನನ್ನನ್ನು ನೋಡಿ, "ಭಾಯಿ, ಜರಾ ಹೊರಗ ನಿಂದರ್ರಿ" ಎಂದಳು. ನಾನು ಬಾಗಿಲ ಹೊರಗೆ ಹೋದೆ. ಇಬ್ಬರೂ ಗೋಡೆಗೆ ಮುಖ ಮಾಡಿ ಒಬ್ಬರಿಗೊಬ್ಬರು ತಲೆ ತೋರಿಸಿಕೊಂಡರಂತೆ. ಒಳಗೆ ಬಂದಾಗ ಅಕ್ಕನ ಹೆಗಲು ಸಡಿಲಾಗಿತ್ತು. "ಆಕಿದು ನನಕಿಂತ ಜಾಸ್ತಿ ಹೋಗಿತ್ತಂತೋ. ತಿರುಗಿ ಬಂದಾವ, ನೋಡಿದ್ನಿ" ಎಂದಳು. ಆ ಹೆಂಗಸಿನ ಹೆಸರು ಕೇಳಲಿಲ್ಲ. ಅವತ್ತಿನ ಅರ್ಧ ಔಷಧ ಅವಳೇ ಕೊಟ್ಟಳು ಎಂದು ಅಕ್ಕ ಈಗಲೂ ಹೇಳುತ್ತಾಳೆ.

ಡಾಕ್ಟರಮ್ಮ ತಲೆ ನೋಡಿ, "ಹುಳಾನೂ ಇಲ್ಲ, ದೃಷ್ಟೀನೂ ಇಲ್ಲ. ನಿಮ್ಮ ಮೈಯಾಗಿನ ಕಾವಲಿನವರೇ ದಾರಿ ತಪ್ಪಿ ಕೂದಲದ ಬೇರಿಗೆ ಬಿದ್ದಾರ. ನಿಮ್ಮ ತಪ್ಪೇನಿಲ್ಲ" ಎಂದರು. ಆಮೇಲೆ ಕೆರೆದ ಗೀರುಗಳನ್ನು ಕಂಡು ಅವರ ದನಿ ಬದಲಾಯಿತು. "ಯಾವ ಶಾಣ್ಯಾ ಹೇಳಿದ್ನರಿ ನಿಮಗ ಪತ್ತಿಲೆ ಕೆರೀರಿ ಅಂತ?"

ನಾನು ನೆಲ ನೋಡಿದೆ. ಅಕ್ಕ, "ಊರಾಗ ಯಾರೋ ಹೇಳಿದ್ರಿ" ಎಂದಳು.

ಅವಳು ನನ್ನನ್ನು ಉಳಿಸಿದ್ದು ಅವತ್ತೇ. ಅದು ನನಗೆ ಬುದ್ಧಿ ಕಲಿಸಬೇಕಿತ್ತು. ಬದಲಿಗೆ ಉಳಿಯುವುದು ಎಷ್ಟು ಸುಲಭ ಎಂದು ಕಲಿಸಿತೇನೋ.

ಒಂದು ಮುಲಾಮು ಕೊಟ್ಟರು. ಅದನ್ನು ಬಿಟ್ಟು ಬೇರೇನೂ ಹಚ್ಚಬಾರದು ಎಂದರು. ಎರಡೂವರೆ ತಿಂಗಳಿಗೆ ನೆತ್ತಿಯ ಮೇಲೆ ಕೂದಲು ಬಂದವು. ಆದರೆ ಬೆಳ್ಳಗೆ, ಎಳೆ ಹತ್ತಿಯ ಹಾಗೆ. ಮೊದಲು ಬಿಳಿಯವು ಬರುವುದುಂಟು, ಆಮೇಲೆ ಕಪ್ಪಾಗಬಹುದು, ಅವಸರ ಮಾಡಬೇಡಿ ಎಂದರು ಡಾಕ್ಟರಮ್ಮ. ಅಕ್ಕ ಕನ್ನಡಿಯಲ್ಲಿ ನೋಡಿಕೊಂಡು, "ಹೋದಾಗ ಸೊಸಿ ಇದ್ದವು, ಬರೋವಾಗ ಅತ್ತಿ ಆಗಿ ಬಂದಾವ" ಎಂದು ನಕ್ಕಳು. ಬಹಳ ದಿನಕ್ಕೆ ಅವಳು ನಕ್ಕಿದ್ದನ್ನು ಕಂಡೆ.

ಅವಸರ ಬಂದದ್ದು ಕುಬಸದ ರೂಪದಲ್ಲಿ. ಅಕ್ಕನ ಮಗಳನ್ನು ಆಳಂದಕ್ಕೆ ಕೊಟ್ಟಿದೆ. ಹುಡುಗಿಗೆ ಐದು ತಿಂಗಳು ತುಂಬಿ, ಅವಳ ಅತ್ತೆಮನೆಯಲ್ಲಿ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡರು. ತವರಿನಿಂದ ಹಸಿರು ಸೀರೆ, ಕುಬಸ, ಬಳೆ ಒಯ್ಯಬೇಕು. ಬಸುರಿಯ ತಾಯಿಯನ್ನೂ ಚಾಪೆಯ ಮೇಲೆ ಕೂರಿಸಿ, ಉಡಿ ತುಂಬಿ, ಬೀಗತಿ ತನ್ನ ಕೈಯಿಂದಲೇ ಹೂ ಮುಡಿಸುತ್ತಾಳೆ. ಹೂ ಮುಡಿಸಬೇಕಾದರೆ ಸೆರಗು ಸರಿಸಬೇಕು.

ಒಂದು ದಿನ ಮುಂಚೆ ಅಕ್ಕ ಅಫಜಲಪುರಕ್ಕೆ ಬಂದಳು. ಅಂಗಡಿಗೆ ಬರದೆ ನೇರ ಮನೆಯ ಹಿತ್ತಲಿಗೆ ಬಂದು ಕೂತಳು. ಅವ್ವ ಅವತ್ತು ಮನೆಯಲ್ಲಿರಲಿಲ್ಲ. "ತಮ್ಮಾ, ಊರ ಮುದುಕರನ್ನೆಲ್ಲಾ ಮದುಮಕ್ಕಳನ್ನ ಮಾಡಿ ಕಳಸ್ತಿ. ನನಗೂ ಒಂದೀಟು ಕರ್ರಗ ಹಚ್ಚು" ಎಂದಳು. ಆಮೇಲೆ ತಾನೇ ಹಿಂಜರಿದಳು. "ಡಾಕ್ಟರು ಬ್ಯಾಡ ಅಂದಾರಲ್ಲೋ?"

"ನಾ ದಿನಾ ಎಷ್ಟು ಮಂದಿಗೆ ಹಚ್ಚತೇನಿ. ಯಾರಿಗೇನಾಗ್ಯದ?" ಎಂದೆ.

ಒಬ್ಬರಿಗೆ ಆಗಿತ್ತು. ಎರಡು ತಿಂಗಳ ಹಿಂದೆ, ನನ್ನ ಅಂಗಡಿಯ ಹಳೆಯ ಗಿರಾಕಿ ಚಾಚಾ ಒಬ್ಬರಿಗೆ ಹೊಸ ತರಹದ ಕರೀ ಪುಡಿ ಕಲಸಿ ಗಡ್ಡಕ್ಕೆ ಹಚ್ಚಿದ್ದೆ. ಮೂರನೆಯ ದಿನ ಅವರು ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಬಂದರು. ತುಟಿ, ಗದ್ದ ಎಲ್ಲ ಬಾತು ಹೋಗಿತ್ತು. "ಕ್ಯಾ ರೇ, ದಾಡಿ ಕರ್ರಗ ಮಾಡು ಅಂದ್ರ ಮೂತೀನೇ ಕುಂಬಳಕಾಯಿ ಮಾಡಿದಿ ಲೇ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು, "ಚಾಚಾ, ಬದನಿಕಾಯಿ ತಿಂದಿರಬೇಕ್ರಿ ನೀವು" ಎಂದೆ. ಅವರು ಯೋಚಿಸಿ, ಹೌದು, ಶುಕ್ರವಾರ ತಿಂದಿದ್ದೆ ಎಂದರು. ಅಫಜಲಪುರದಲ್ಲಿ ಬದನೆಕಾಯಿ ತಿನ್ನದವರು ಯಾರಿದ್ದಾರೆ? ಮಾತು ಅಲ್ಲಿಗೇ ಮುಗಿಯಿತು. ಪುಡಿಯ ಪಾಕೀಟುಗಳು ಕಪಾಟಿನಲ್ಲೇ ಉಳಿದವು.

ಅಕ್ಕನಿಗೆ ಆ ಪುಡಿಯನ್ನೇ ತಂದೆ. ಮರೆತು ತಂದೆ ಎಂದರೆ ಸುಳ್ಳಾಗುತ್ತದೆ. ಅದು ಬೇಗ ಹಿಡಿಯುತ್ತಿತ್ತು, ಕೂದಲಿಗಷ್ಟೇ ಅಲ್ಲ, ಚರ್ಮಕ್ಕೂ. ಕೂದಲು ತೆಳುವಾದ ಗಿರಾಕಿಗಳಿಗೆ ನಾವು ಹೀಗೆ ಮಾಡುವುದುಂಟು. ಬಣ್ಣವನ್ನು ಬೇಕಂತಲೇ ಚರ್ಮಕ್ಕೆ ತಿಕ್ಕಿ ಹೆಚ್ಚು ಹೊತ್ತು ಬಿಟ್ಟರೆ ಬೋಳು ಜಾಗವೂ ಕಪ್ಪಾಗಿ, ದೂರದಿಂದ ಕೂದಲು ತುಂಬಿದ ಹಾಗೆ ಕಾಣುತ್ತದೆ. ಪಾಕೀಟಿನ ಹಿಂದೆ ಕಿವಿಯ ಚಿತ್ರ ಇರುತ್ತದೆ. ಕಿವಿಯ ಹಿಂದೆ ಒಂದು ಚುಕ್ಕಿ ಹಚ್ಚಿ ಎರಡು ದಿನ ಕಾಯಬೇಕು ಎಂದು ಅದರ ಅರ್ಥ. ಅದಕ್ಕೆ ಓದು ಬೇಡ, ಚಿತ್ರ ನೋಡಿದರೆ ಸಾಕು. ನಮಗೆ ಎರಡು ದಿನ ಇರಲಿಲ್ಲ. ಒಂದೇ ಇತ್ತು.

ಬಣ್ಣ ಹಚ್ಚುವಾಗ ಅಪ್ಪನ ನೇಮ ನೆನಪಾಯಿತು. ಅಕ್ಕನ ತಲೆಯನ್ನು ಅಷ್ಟು ಹತ್ತಿರದಿಂದ ಮುಟ್ಟಿದ್ದು ಅದೇ ಮೊದಲು. ನನ್ನ ಬೆರಳಿನ ಕೆಳಗೆ ಆ ಬಿಳಿಯ ಎಳೆಗಳು ಕೋಳಿಮರಿಯ ತುಪ್ಪಳದ ಹಾಗಿದ್ದವು.

ಕುಬಸದಲ್ಲಿ ಅಕ್ಕ ಚೆಂದ ಕಂಡಳು. ಇದನ್ನು ಬರೆಯುವಾಗಲೂ ನನಗೆ ಗೊಂದಲ. ಅವತ್ತು ಅವಳು ಪಿನ್ನು ತೆಗೆದಳು. ಬೀಗತಿ ಸೆರಗು ಸರಿಸಿ, ಉಳಿದ ಜಡೆಗೆ ಮಲ್ಲಿಗೆ ಸಿಕ್ಕಿಸಿ, "ಯಕ್ಕಾ, ತಲಿ ತುಂಬ್ಯಾದಲ್ಲ! ಮಂದಿ ಏನೇನೋ ಹೇಳಿದ್ರು" ಎಂದಳು. ಅಕ್ಕ ಹೆಂಗಸರ ಮಧ್ಯದಿಂದ ನನ್ನನ್ನು ಹುಡುಕಿ ನೋಡಿ ಕಣ್ಣು ಮಿಟುಕಿಸಿದಳು. ಆ ಒಂದು ಗಳಿಗೆ ನಾನು ಕೊಟ್ಟದ್ದು. ಆಮೇಲಿನದೂ ನಾನು ಕೊಟ್ಟದ್ದೇ.

ಎರಡನೆಯ ದಿನ ನೆಲೋಗಿಯಿಂದ ಭಾವನ ಫೋನು ಬಂತು. ಹೋಗಿ ನೋಡಿದರೆ ಅಕ್ಕನ ಕಣ್ಣು ತೆರೆಯುತ್ತಿರಲಿಲ್ಲ. ಹಣೆ ಉಬ್ಬಿತ್ತು. ನೆತ್ತಿಯಿಂದ ನೀರು ಒಸರುತ್ತಿತ್ತು. ಭಾವ ಮನೆಯಲ್ಲಿ ಉಳಿದ, ನಾನು ಅವಳ ಕೈಹಿಡಿದು ಕಲಬುರಗಿಯ ಬಸ್ಸು ಹತ್ತಿಸಿದೆ. ದಾರಿಯಲ್ಲಿ ಅವಳ ಕಿವಿಯ ಹತ್ತಿರ, "ಡಾಕ್ಟರ ಮುಂದ ಬಣ್ಣದ ಮಾತು ತಗೀಬ್ಯಾಡ. ಸುಮ್ನ ಬೈತಾರ. ಬಣ್ಣದಿಂದ ಹಿಂಗ ಆಗಂಗಿಲ್ಲ, ಇದು ಆ ಮುಲಾಮಿಂದ ಆಗಿರಬೇಕು" ಎಂದೆ. "ನಿನಗ ಗೊತ್ತು ಬಿಡು" ಎಂದಳು. ಅವಳು ನಂಬಿದ್ದು ನನ್ನ ಕಸುಬನ್ನು.

ಆಮೇಲೆ ನಡೆದದ್ದನ್ನು ಮೊದಲೇ ಹೇಳಿದ್ದೇನೆ. ನನ್ನ ಮಾತು ಕೇಳಿ ಡಾಕ್ಟರಮ್ಮ, "ಹಂಗಾದ್ರ ಕಾಡಿಗಿ ಬಿಡ್ರಿ, ಮುಲಾಮೂ ಬಿಡ್ರಿ. ಯಾವುದರಿಂದ ಆಗ್ಯದ ತಿಳಿಯೂತನ ಎರಡೂ ಬ್ಯಾಡ. ಹದಿನೈದು ದಿನಕ್ಕ ಬರ್ರಿ, ಗಾಯ ಮಾಗಿದ ಮ್ಯಾಲ ನೋಡೂಣು" ಎಂದರು. ಬಾವು ಇಳಿಯುವುದಕ್ಕೆ ಬೇರೆ ಗುಳಿಗೆ ಕೊಟ್ಟರು. ಕೂದಲು ತಂದ ಮುಲಾಮನ್ನು ನನ್ನ ಒಂದು ಸುಳ್ಳು ನಿಲ್ಲಿಸಿತು.

ಗಾಯ ಮಾಗಿತು. ತಿಂಗಳೊಳಗೆ ಆ ಎಳೆಗೂದಲು ಉದುರಿ ಹೋದವು. ಆಮೇಲೆ ತಲೆಯ ಹಿಂದೆ ಉಳಿದಿದ್ದವೂ. "ನನ್ನ ತಲಿಗೆ ಔಷಧ ಆಗಿ ಬರಂಗಿಲ್ಲ ತಮ್ಮಾ. ಸಾಕಿನ್ನ, ದವಾಖಾನಿ ಬ್ಯಾಡ" ಎಂದಳು ಅಕ್ಕ. ಡಾಕ್ಟರಮ್ಮನ ಚೀಟಿ ನನ್ನ ಅಂಗಡಿಯ ಕನ್ನಡಿಯ ಸಂದಿಯಲ್ಲಿ ಇತ್ತು. ನಾನು ಒಮ್ಮೆಯೂ ನಡಿ ಹೋಗೋಣ ಎನ್ನಲಿಲ್ಲ. ಅವಳು ಬೇಡ ಎಂದಾಗ ನನಗೆ ಹಗುರವಾಯಿತು. ಆ ಹಗುರ ನೆನಪಾದರೆ ಇವತ್ತಿಗೂ ಬೆವರು ಬರುತ್ತದೆ.

ಇನ್ನೊಂದು ಆಯಿತು. ಆ ದಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತು ಕೇಳಿದಳು, "ಎದರಿಂದ ಆಗ್ಯದಂತ?" ಬಾಯಿಗೆ ಬಂದ ಅದೇ ಸುಳ್ಳನ್ನು ಅವಳಿಗೂ ಹೇಳಿದೆ. "ಬಿಳಿ ಕೂದಲ ಕಾಣಬಾರದಂತ ತಲಿಗೆ ಕಾಡಿಗಿ ಹಚ್ಚಿದ್ಳಂತ, ಅದರಿಂದ ಇರಬೇಕು."

ಕಾಡಿಗೆ ಅವ್ವನದು. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆಯ ತಟ್ಟೆ ಬೋರಲು ಹಾಕಿ, ಕೂತ ಮಸಿಯನ್ನು ಗರಿಯಿಂದ ಕೆರೆದು ತುಪ್ಪದಲ್ಲಿ ಕಲಸುತ್ತಾಳೆ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ದೃಷ್ಟಿಬೊಟ್ಟಿಗೆ ಅವ್ವನ ಡಬ್ಬಿಯೇ ಹೋಗಬೇಕು. ಹಿಂದೆ ಅಕ್ಕನಿಗೂ ಒಂದು ಡಬ್ಬಿ ಕೊಟ್ಟಿದ್ದಳು. ನನ್ನ ಮಾತು ಕೇಳಿ ಅವ್ವ ಒಳಗೆ ಹೋದಳು. ಆಮೇಲೆ ಓಣಿಯವರು ಬಂದು ಕೇಳಿದರೆ, "ಕಣ್ಣು ಕಾಣವಲ್ಲದವ್ವ, ಬಿಟ್ಟೇನಿ" ಎನ್ನತೊಡಗಿದಳು. ನಾನು ಅದನ್ನು ನಿಜವೆಂದೇ ನಂಬಿದೆ. ನಂಬಿದೆನೋ, ನಂಬಬೇಕೆಂದು ನಂಬಿದೆನೋ.

ಅಕ್ಕನ ಮಗಳಿಗೆ ಚೊಚ್ಚಲ ಹೆರಿಗೆ, ತವರಿನಲ್ಲೇ ಆಯಿತು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ದಿನ ಅವ್ವನನ್ನು ಕರೆದುಕೊಂಡು ನೆಲೋಗಿಗೆ ಹೋದೆ. ಬಾಣಂತಿಯ ಕೋಣೆಯಲ್ಲಿ ನಾಲ್ಕೈದು ಹೆಂಗಸರು ಕೂತಿದ್ದರು. ಕೂಸಿಗೆ ನೀರು ಹಾಕಿ, ಪುಡಿ ಹಚ್ಚಿ, ಅಕ್ಕ ಕೈ ಚಾಚಿದಳು. "ಅವ್ವ, ಕಾಡಿಗಿ ತಾ."

ಅವ್ವ ಚೀಲವನ್ನು ಮಡಿಲಿನಲ್ಲಿ ಒತ್ತಿಕೊಂಡು, "ತಂದಿಲ್ಲವ್ವ" ಎಂದಳು.

"ಏನಬೇ, ಮರಿಮಗಳಿಗೆ ಕಾಡಿಗಿ ಮರೀತಾರೇನು?"

"ಮರೆತಿಲ್ಲವ್ವ. ನನ್ನ ಕಾಡಿಗಿ ನಿನ್ನ ತಲಿ ಸುಟ್ಟದ. ಈ ಎಳೀ ಕೂಸಿನ ಕಣ್ಣಿಗೆ ಹ್ಯಾಂಗ ಹಚ್ಚಲಿ? ಎಣ್ಯಾಗ ಏನಿತ್ತೋ, ತಟ್ಯಾಗ ಏನಿತ್ತೋ, ನನಗ ತಿಳೀವಲ್ಲದು."

ಅಕ್ಕನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಅವಳು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು. ಡಾಕ್ಟರ ಮುಂದೆ ತಿರುಗಿಸಿದ್ದ ಹಾಗೆಯೇ. ಈ ಸಲ ಕಣ್ಣು ತೆರೆದಿದ್ದವು.

"ಕಾಡಿಗಿ ಅಲ್ಲಬೇ ಅವ್ವ. ನಾ ಹಚ್ಚಿದ ಬಣ್ಣ" ಎಂದೆ. ಬಾಯಿಂದ ಅಷ್ಟೇ ಬಂತು. ಹೆಂಗಸರೆಲ್ಲ ನೋಡುತ್ತಿದ್ದರು. ಚಾಚಾನ ಗಡ್ಡದ ಮಾತನ್ನೂ ಅಲ್ಲೇ ಹೇಳಿದೆ, ಹಿಂದುಮುಂದಾಗಿ, ಬದನೆಕಾಯಿ ಸಹಿತ. ಒಬ್ಬಳು ಕಿಸಕ್ಕೆಂದಳು. ಅವ್ವ ಬಹಳ ಹೊತ್ತು ನನ್ನನ್ನು ನೋಡಿ, "ಐದು ತಿಂಗಳಾತಲ್ಲೋ, ಹಾಟ್ಯಾ" ಎಂದು ಬೈದಳು. ಅಕ್ಕ ಕೂಸನ್ನು ಅವ್ವನ ಮಡಿಲಿಗೆ ಹಾಕಿ ಹಿತ್ತಲಿಗೆ ಹೋದಳು.

ಹದಿನೆಂಟು ದಿನ ಅವಳು ನನ್ನ ಫೋನು ಎತ್ತಲಿಲ್ಲ. ಹತ್ತೊಂಬತ್ತನೆಯ ದಿನ ತಾನೇ ಮಾಡಿ, "ನಾಳಿ ದವಾಖಾನಿಗೆ ಹೋಗಾಕತ್ತೇನಿ. ಆ ಪಾಕೀಟು ತಗೊಂಡು ಬಾ" ಎಂದಳು. ಬೇರೆ ಮಾತಿಲ್ಲ.

ಡಾಕ್ಟರಮ್ಮನ ಮೇಜಿನ ಮೇಲೆ ನಾನೇ ಪಾಕೀಟು ಇಟ್ಟೆ. ನಾನೇ ಹೇಳಿದೆ. ಉಳ್ಳಾಗಡ್ಡಿ, ಪತ್ತಿ ಹೇಳಿದ ಶಾಣ್ಯಾನೂ ನಾನೇ ಎಂದೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಬಾವು ಬಂದಿದ್ದು ಬಣ್ಣದಿಂದನೇ. ಇನ್ನ ಮ್ಯಾಲ ಇವರು ಜನ್ಮದಾಗ ಇಂಥಾ ಬಣ್ಣ ಮುಟ್ಟಬಾರದು. ಮುಲಾಮು ಮತ್ತ ಶುರು ಮಾಡೂಣು" ಎಂದರು. "ಅವತ್ತು ಖರೆ ಹೇಳಿದ್ರ ನಾ ಅದನ್ನ ಅಷ್ಟು ದಿನ ಬಿಡಸ್ತಿರಲಿಲ್ಲ."

ನಾನು ಕೇಳಿದೆ, "ಮತ್ತ ಕೂದಲ ಹೋಗಿದ್ದು ನನ್ನಿಂದೇ ಏನ್ರಿ?"

ಅವರು ಚೀಟಿ ಬರೆಯುವುದನ್ನು ನಿಲ್ಲಿಸಿದರು. "ಹೇಳಾಕ ಬರಂಗಿಲ್ಲ. ಈ ರೋಗ ಹೋಗತದ, ಬರತದ. ಮುಲಾಮು ಹಚ್ಚಿದ್ರೂ ಉದುರತಿದ್ದವೇನೋ."

ಹೌದು ಎಂದಿದ್ದರೆ ಹೊತ್ತುಕೊಳ್ಳುತ್ತಿದ್ದೆ. ಅಲ್ಲ ಎಂದಿದ್ದರೆ ಇಳಿಸುತ್ತಿದ್ದೆ. ಈ ಮಾತನ್ನು ಎಲ್ಲಿ ಇಡಬೇಕು ಎಂದು ನನಗೆ ಇನ್ನೂ ಗೊತ್ತಾಗಿಲ್ಲ. ಈಗ ಅಕ್ಕನ ನೆತ್ತಿಯಲ್ಲಿ ಒಂದೆರಡು ಕಡೆ ಮತ್ತೆ ಬಿಳಿ ಎಳೆ ಕಾಣುತ್ತಿವೆ. ಕಪ್ಪಾಗುತ್ತವೋ, ಉಳಿಯುತ್ತವೋ, ಯಾರೂ ಹೇಳುತ್ತಿಲ್ಲ. ಅವಳು ಪಿನ್ನು ಹಾಕುವುದನ್ನು ಮಾತ್ರ ಬಿಟ್ಟಿದ್ದಾಳೆ. ಸೆರಗು ಜಾರಿದರೆ ಜಾರಲಿ ಎನ್ನುತ್ತಾಳೆ. ಅವ್ವನ ಹಿತ್ತಾಳೆಯ ತಟ್ಟೆ ಮತ್ತೆ ದೀಪದ ಮೇಲೆ ಬಂದಿದೆ. ನನ್ನ ಅಂಗಡಿಯಲ್ಲಿ ಆ ಪುಡಿ ಇಲ್ಲ. ಯಾರೇ ಬಣ್ಣ ಕೇಳಿದರೂ ಕಿವಿಯ ಹಿಂದೆ ಚುಕ್ಕಿ ಇಟ್ಟು, "ಎರಡು ದಿನ ಬಿಟ್ಟು ಬರ್ರಿ" ಎಂದು ಕಳಿಸುತ್ತೇನೆ. ಅರ್ಧ ಜನ ತಿರುಗಿ ಬರುವುದಿಲ್ಲ. ಚಾಚಾನಿಗೂ ನಿಜ ಹೇಳಿದೆ. "ನನಗ ಅವತ್ತೇ ಗೊತ್ತಿತ್ತು ಲೇ. ಬದನಿಕಾಯಿ ಪಾಪ, ಅದಕ್ಕ ಬಾಯಿಲ್ಲ" ಎಂದರು.

ಆದರೆ ನಾನು ಮುಗಿಸಬೇಕಾದದ್ದು ಪಾಕೀಟು ಒಯ್ದ ಆ ದಿನದ ಬಸ್ಸಿನಲ್ಲಿ. ಡಾಕ್ಟರ ಹತ್ತಿರದಿಂದ ಬಂದು ಇಬ್ಬರೂ ನೆಲೋಗಿಯ ಬಸ್ಸು ಹತ್ತಿದೆವು. ಹಿಂದಿನ ಸೀಟು, ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಜೇವರ್ಗಿ ಬರುವ ತನಕ ಅಕ್ಕ ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು. ಆಮೇಲೆ, ಹೊರಗೆ ನೋಡುತ್ತಲೇ, "ಡಾಕ್ಟರು ಹೇಳಿದ್ರಲ್ಲ, ಹೆಂಗಿದ್ರೂ ಉದುರತಿದ್ದವೇನೋ ಅಂತ. ಹಂಗಾರ ನಿಂದೇನೂ ಇಲ್ಲ ಬಿಡು" ಎಂದಳು.

ಮತ್ತೆ ನನ್ನನ್ನು ಉಳಿಸಲು ನೋಡುತ್ತಿದ್ದಳು. ತಪ್ಪಿನಿಂದ ಜಾರಿಕೊಳ್ಳಲು ಬಾಗಿಲು ತೆರೆದುಕೊಟ್ಟಿದ್ದಳು, ಹೊರಟು ಹೋಗಬಹುದಿತ್ತು. ನಾನು ಏನೋ ಅಂದೆ. ಬಸ್ಸಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

"ಏನಂದಿ? ಜೋರಾಗಿ ಹೇಳು" ಎಂದಳು ಅಕ್ಕ.

ಜೋರಾಗಿ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರನೂ ನೋಡಿದ.

"ಕೂದಲದ ಮಾತಲ್ಲಕ್ಕ. ಅದು ನನ್ನಿಂದ ಹೋತೋ, ರೋಗದಿಂದ ಹೋತೋ, ನನಗ ತಿಳೀವಲ್ಲದು. ಆ ಪುಡಿ ಮಂದೀ ಮೂತಿಗೆ ಬಾವು ಬರಿಸೋದು ನನಗ ಗೊತ್ತಿತ್ತು. ಗೊತ್ತಿದ್ದೂ ನಿನ್ನ ತಲಿಗೆ ತಿಕ್ಕಿದ್ನಿ. ಕೇಳಿದವರ ಮುಂದ ಅವ್ವನ ಕಾಡಿಗಿ ಮ್ಯಾಲ ಹಾಕಿದ್ನಿ. ನಿನ್ನ ಬಾಯಿ ಮುಚ್ಚಿಸಿದ್ನಿ. ನಂದೇ ತಪ್ಪು, ಅಕ್ಕ. ತಪ್ಪಾತು."